ಎರಡನೇ ಆಲ್ಬಂಗೆ ಅಜ್ಜಿಯ ರಾಗಿಕಲ್ಲು

ನನ್ನ ಮೊದಲ ಆಲ್ಬಂನಲ್ಲಿ ಎಂಟು ಭಾವಗೀತೆ ಇದ್ದವು. ಕೀಬೋರ್ಡ್, ತಬಲ, ಕೊಳಲು, ಐದೂವರೆ ಶ್ರುತಿ. ಕೋಲಾರ ಜಿಲ್ಲೆಯ ಶ್ರೀನಿವಾಸಪುರಕ್ಕೆ ತಂದು ಅಜ್ಜಿಗೆ ಕೇಳಿಸಿದೆ. ಚೆನ್ನಾಗೈತೆ ಅಂದರು, ಆದರೆ ಎರಡನೇ ಹಾಡಿಗೇ ಹುಣಸೆಹಣ್ಣು ಬಿಡಿಸಲು ಕೂತರು.

ಮುಂದಿನ ಆಲ್ಬಂಗೆ ರಾಗಿ ಬೀಸುವಾಗ ಅವರು ಹಾಡೋ ಬೀಸೋ ಪದಗಳನ್ನೇ ಹಾಡೋಣ ಅಂತ ಹೊರಟೆ. ತಬಲ ತೆಗೆದು ತಮಟೆ ಹಾಕಿದರೆ ಸಾಕು ಅನ್ನೋ ಭ್ರಮೆ ನನಗೆ. ಒಂದು ಪದ ಹಾಡಿ ಮೊಬೈಲ್‌ನಲ್ಲಿ ಕೇಳಿಸಿದೆ. "ಯಾಕಮ್ಮಿ ಅಷ್ಟೊಂದು ಎಳೀತೀಯ? ಹಿಂಗೆ ಹಾಡಿದ್ರೆ ಕಲ್ಲು ನಿಂತೋಗ್ತದೆ" ಅಂದರು.

ನಿಜವೇ. ಸಾಲಿನ ಕೊನೆಯ ಅಕ್ಷರವನ್ನು ಜಾರಿಸಿ, ಸ್ವಲ್ಪ ನಡುಗಿಸಿ ಬಿಡೋದು ನನಗೆ ರೂಢಿ. ಮೂಲೆಯಲ್ಲಿದ್ದ ರಾಗಿಕಲ್ಲು ಎಳೆದು, ಅಜ್ಜಿಯ ಎದುರಿಗೆ ಗೂಟ ಹಿಡಿದು ಕೂತೆ. ಗೂಟ ತಮ್ಮ ಕಡೆ ಬರುವಾಗ ಅವರು ಉಸಿರು ಎಳೆದುಕೊಳ್ಳುತ್ತಾರೆ, ದೂಡುವಾಗ ಪದ ಬಿಡುತ್ತಾರೆ, ನಡುವೆ ಕಲ್ಲಿನ ಬಾಯಿಗೆ ಒಂದು ಹಿಡಿ ರಾಗಿ ಹಾಕುವಾಗ ಒಂದು ಅಕ್ಷರ ನುಂಗುತ್ತಾರೆ. ಅದನ್ನು ಮರೆವು ಅಂದುಕೊಂಡು ನನ್ನ ನೋಟ್‌ಬುಕ್‌ನಲ್ಲಿ ತಿದ್ದಿಬಿಟ್ಟಿದ್ದೆ! ಹದಿನೈದು ದಿನ ಬೀಸಿದೆ, ಅಂಗೈಯಲ್ಲಿ ಬೊಬ್ಬೆ ಬಂತು, ಗಂಟಲು ತೆರೆಯಿತು, ಶ್ರುತಿ ಆರಕ್ಕೆ ಏರಿತು.

ಬೆಂಗಳೂರಿನ ಸ್ಟುಡಿಯೋದಲ್ಲಿ ಇನ್ನೊಂದು ಫಜೀತಿ. ಎಸಿ ತಂಪಿಗೆ ತಮಟೆಯ ಚರ್ಮ ಸಡಿಲಾಗಿ ಸದ್ದು ಸತ್ತುಹೋಗುತ್ತಿತ್ತು. ಎರಡು ಟೇಕ್ ಆದಮೇಲೆ ಬಾರಿಸುವವರು ಹೊರಗೆ ಹೋಗಿ ಹುಲ್ಲು ಉರಿಸಿ ಕಾಯಿಸಿಕೊಂಡು ಓಡಿ ಬರಬೇಕು. ಕೊನೆಗೆ ಎಸಿ ಆರಿಸಿ ಬೆವರುತ್ತಲೇ ಮುಗಿಸಿದೆವು. ತಾಳಕ್ಕೆ ಕಿವಿಯಲ್ಲಿ ಹಾಕುವ ಕ್ಲಿಕ್ ಕೂಡ ಬೇಡ ಅಂದೆ, ಬರೀ ಕೈಯಲ್ಲೇ ಇಲ್ಲದ ಗೂಟ ತಿರುಗಿಸುತ್ತಾ ಹಾಡಿದೆ. ಇಂಜಿನಿಯರ್ ನಕ್ಕ, ನಗಲಿ ಬಿಡಿ. ತಮಟೆ ಬಗ್ಗೆ ಮಾತ್ರ ಆತ ಕೊಂಕು ಆಡಲಿಲ್ಲ. ನಮ್ಮ ಕಡೆಯ ತಮಟೆ ಕಲಾವಿದ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದಮೇಲೆ ಕೊಂಕು ಆಡುವ ಬಾಯಿಗಳು ಸ್ವಲ್ಪ ಮುಚ್ಚಿವೆ ಅನ್ನಿ.

ಅಜ್ಜಿಯ ಪದಗಳಲ್ಲಿ ಅರ್ಧ ಸಾಲು ತೆಲುಗು. ತೆಗೆದರೆ ಜಾಸ್ತಿ ಜನ ಕೇಳುತ್ತಾರೆ ಅಂತ ಸಲಹೆ ಬಂತು. ಕೋಲಾರದ ಮನೆಯಲ್ಲಿ ಸೊಸೆಯನ್ನು ಕನ್ನಡದಲ್ಲಿ ಕರೆದು ತೆಲುಗಿನಲ್ಲಿ ಬೈಯೋದು ಮಾಮೂಲು, ಹಾಡಲ್ಲಿ ಮಾತ್ರ ಯಾಕೆ ಮುಚ್ಚಿಡಬೇಕು? ಹಾಗೇ ಬಿಟ್ಟೆ.

ಈ ಸಲ ಅಜ್ಜಿ ಆರೂ ಪದ ಕೂತು ಕೇಳಿದರು, ಮೂರನೆಯದಕ್ಕೆ ತಾವೂ ಸೊಲ್ಲು ಸೇರಿಸಿದರು. ಹಳೇ ಕೇಳುಗರು ಕೆಲವರು ದೂರವಾದರು. ಗಣೇಶನ ಕಾರ್ಯಕ್ರಮದಲ್ಲಿ "ಹಳೇದು ಹಾಡಿ ಮೇಡಂ" ಅಂದರು. ಶುರು ಮಾಡಿದೆ, ಆದರೆ ಕೊನೆಯ ಅಕ್ಷರ ಜಾರಲೇ ಇಲ್ಲ, ಕಲ್ಲು ದೂಡಿದ ಹಾಗೆ ನೇರ ಹೋಗಿ ನಿಂತಿತು. ತಬಲದವರು ತಿರುಗಿ ನನ್ನ ಮುಖ ನೋಡಿದರು.