ಸಾಲ ಸೆಟ್ಲ್ ಮಾಡಿಕೊಳ್ಳುವುದು ಹೇಗೆ? ಪತ್ರ ಮೊದಲು, ದುಡ್ಡು ಆಮೇಲೆ

ನಮ್ಮ ಬೀದಿಯಲ್ಲಿ ಗ್ಯಾರೇಜ್ ಇಟ್ಟಿದ್ದವರೊಬ್ಬರು ಪರ್ಸನಲ್ ಲೋನ್ ಕಟ್ಟಲಾಗದೆ ಒದ್ದಾಡುತ್ತಿದ್ದರು. ವಸೂಲಿಗೆ ಬಂದ ಹುಡುಗ, ‘ಇವತ್ತು ತಿಂಗಳ ಕೊನೆ ಸರ್, ನಲವತ್ತು ಸಾವಿರ ಕೊಡಿ, ಅಕೌಂಟ್ ಕ್ಲೋಸ್ ಮಾಡಿಸ್ತೀನಿ’ ಅಂದ. ಹೆಂಡತಿಯ ಸರ ಅಡ ಇಟ್ಟು ಕೊಟ್ಟರು. ಎರಡು ತಿಂಗಳಿಗೆ ಕೋರ್ಟಿನಿಂದ ಸಮನ್ಸ್ ಬಂತು. ಬ್ಯಾಂಕಿನಲ್ಲಿ ಕೇಳಿದರೆ, ಕೊಟ್ಟ ಹಣ ಬಡ್ಡಿಗೂ ದಂಡಕ್ಕೂ ಜಮೆಯಾಗಿ ಮುಗಿದಿತ್ತು. ಸೆಟ್ಲ್‌ಮೆಂಟಿನ, ಅಂದರೆ ಬಾಕಿಗಿಂತ ಕಡಿಮೆ ಹಣಕ್ಕೆ ಬ್ಯಾಂಕ್ ಒಪ್ಪಿ ಸಾಲ ಮುಗಿಸುವುದರ, ಸುದ್ದಿಯೇ ಅಲ್ಲಿರಲಿಲ್ಲ. ಇಂಥದ್ದನ್ನು ನಾನು ನಾಲ್ಕೈದು ಮನೆಗಳಲ್ಲಿ ನೋಡಿದ್ದೇನೆ.

ಶುರು ಮಾಡುವ ಮೊದಲು, ಎಲ್ಲರೂ ಕೇಳುವ ಎರಡು ಪ್ರಶ್ನೆ.

‘ಪಾಪರ್ ಅಂತ ಘೋಷಿಸಿಕೊಂಡರೆ ಮುಗೀತಲ್ವಾ?’ ಅಷ್ಟು ಸುಲಭವಲ್ಲ. 2016ರ ದಿವಾಳಿ ಸಂಹಿತೆಯಲ್ಲಿ ವ್ಯಕ್ತಿಗಳಿಗೆ ಅಂತಲೇ ಒಂದು ಭಾಗವಿದೆ. ಆದರೆ ಅದು ಜಾರಿಗೆ ಬಂದಿರುವುದು ಕಂಪನಿ ಸಾಲಕ್ಕೆ ಜಾಮೀನು ನಿಂತವರಿಗೆ ಮಾತ್ರ, ಅದೂ 2019ರ ಡಿಸೆಂಬರ್‌ನಿಂದ. ನಮ್ಮ ನಿಮ್ಮಂಥವರಿಗೆ ಈಗಲೂ 1920ರ ಪ್ರಾಂತೀಯ ದಿವಾಳಿ ಕಾಯಿದೆಯೇ ಗತಿ. ಅರ್ಜಿ ಹಾಕಿದರೆ ಆಸ್ತಿ ಕೋರ್ಟ್ ನೇಮಿಸಿದ ರಿಸೀವರ್ ಕೈಗೆ ಹೋಗುತ್ತದೆ. ಕೊನೆಗೆ ನಿಮಗೆ ಬಿಡುಗಡೆ ಸಿಕ್ಕರೂ ನಿಮ್ಮ ಜಾಮೀನುದಾರರಿಗೆ ಸಿಗುವುದಿಲ್ಲ. ಸರ್ಕಾರದ ಬಾಕಿಯೂ ಮನ್ನಾ ಆಗುವುದಿಲ್ಲ. ಒಂದು ಕ್ರೆಡಿಟ್ ಕಾರ್ಡ್ ಸಾಲಕ್ಕಾಗಿ ಈ ದಾರಿ ಹಿಡಿಯಬೇಡಿ.

‘ಜೈಲಿಗೆ ಹಾಕ್ತಾರಾ?’ ಕೈಯಲ್ಲಿ ದುಡ್ಡಿಲ್ಲದೆ ಕಂತು ನಿಂತರೆ ಅದು ಅಪರಾಧವಲ್ಲ. ಚೆಕ್ ಬೌನ್ಸ್ ಮಾತ್ರ ಬೇರೆ. ಅದರಲ್ಲಿ ಎರಡು ವರ್ಷದವರೆಗೆ ಶಿಕ್ಷೆಯಿದೆ.

ಈಗ ಕೆಲಸಕ್ಕೆ ಬರೋಣ.

ಮೊದಲು ಮನೆಯಲ್ಲಿರುವ ನೋಟಿಸ್‌ಗಳನ್ನೆಲ್ಲ ಹರಡಿಕೊಂಡು ದಿನಾಂಕ ನೋಡಿ. ಚೆಕ್ ಬೌನ್ಸ್ ನೋಟಿಸ್ ಕೈ ಸೇರಿದ ಮೇಲೆ ಹಣ ಕಟ್ಟಲು 15 ದಿನ ಇರುತ್ತದೆ. ಮನೆ ಅಡಮಾನದ ಸಾಲವಾದರೆ ಮನೆ ವಶಕ್ಕೆ ತಗೊಳ್ಳುವ ಮೊದಲು ಬ್ಯಾಂಕ್ 60 ದಿನದ ನೋಟಿಸ್ ಕೊಡಬೇಕು. ಕೋರ್ಟ್ ಸಮನ್ಸ್ ಇದ್ದರೆ ವಕೀಲರ ಬಳಿ ಹೋಗಿ, ಇವತ್ತೇ. ಪೋಸ್ಟ್‌ಮ್ಯಾನ್ ತಂದ ಕವರ್ ತಗೊಳ್ಳದೆ ವಾಪಸ್ ಕಳಿಸುವುದು ದೊಡ್ಡ ಜಾಣತನ ಅಂತ ಸುಮಾರು ಜನ ನಂಬಿದ್ದಾರೆ. ನೀವು ಬಾಗಿಲು ಹಾಕಿಕೊಂಡರೂ ಕೇಸು ನಡೆಯುತ್ತದೆ, ನಿಮ್ಮ ಮಾತು ಕೇಳದೆಯೇ ತೀರ್ಪು, ಅಂದರೆ ಏಕಪಕ್ಷೀಯ ಡಿಕ್ರಿ, ಆಗುತ್ತದೆ.

ಆಮೇಲೆ, ಎಷ್ಟು ಕೊಡಬಲ್ಲಿರಿ ಅಂತ ಲೆಕ್ಕ ಹಾಕಿ. ಪಿಎಫ್ ಹಣ ತೆಗೆದು ಸೆಟ್ಲ್ ಮಾಡಬೇಡಿ. ಕೇಸು ಸೋತರೂ ಖಾತೆಯಲ್ಲಿರುವ ಪಿಎಫ್ ಹಣವನ್ನು ಜಪ್ತಿ ಮಾಡುವಂತಿಲ್ಲ. ಸಂಬಳದಲ್ಲೂ ಮೊದಲ ಸಾವಿರ ರೂಪಾಯಿ, ಉಳಿದದ್ದರಲ್ಲಿ ಮೂರನೇ ಎರಡು ಪಾಲು ನಿಮ್ಮದೇ. ಮುಟ್ಟಲಾಗದ ದುಡ್ಡನ್ನು ಸುಮ್ನೆ ಯಾಕೆ ನಾವೇ ತೆಗೆದುಕೊಡಬೇಕು?

ಬ್ಯಾಂಕಿಗೆ ಒಂದು ಪುಟದ ಅರ್ಜಿ ಬರೆಯಿರಿ. ಕಷ್ಟ ಏನು, ಎಷ್ಟು ಕೊಡುತ್ತೀರಿ, ಯಾವಾಗ, ಅಷ್ಟೇ. ಇಮೇಲ್ ಮಾಡಿ, ಸ್ಪೀಡ್ ಪೋಸ್ಟಿನಲ್ಲೂ ಹಾಕಿ, ರಸೀದಿ ಇಟ್ಟುಕೊಳ್ಳಿ. ಕಂತು ನಿಂತು ಮೂರು ವರ್ಷದ ಹತ್ತಿರ ಆಗಿದ್ದರೆ ಮಾತ್ರ ಬರೆಯುವ ಮೊದಲೇ ವಕೀಲರಿಗೆ ತೋರಿಸಿ. ಬ್ಯಾಂಕ್ ದಾವೆ ಹೂಡಬಹುದಾದ ಮೂರು ವರ್ಷದ ಅವಧಿ ಮುಗಿಯುವ ಮೊದಲು ‘ಸಾಲ ಇದೆ’ ಅಂತ ಸಹಿ ಹಾಕಿಕೊಟ್ಟರೆ ಆ ಮೂರು ವರ್ಷ ಮತ್ತೆ ಮೊದಲಿನಿಂದ ಶುರುವಾಗುತ್ತದೆ.

ಇನ್ನು ಪತ್ರ. ಎಲ್ಲರೂ ಎಡವುವುದು ಇಲ್ಲೇ, ಆದ್ದರಿಂದ ನಿಧಾನವಾಗಿ ಓದಿ.

ವಾಟ್ಸಾಪಿನಲ್ಲಿ ಬಂದ ಫೋಟೋ ಸೆಟ್ಲ್‌ಮೆಂಟ್ ಪತ್ರ ಅಲ್ಲ. ‘ಸಿಸ್ಟಮ್‌ನಲ್ಲಿ ಅಪ್‌ಡೇಟ್ ಆಗಿದೆ ಸರ್’ ಅನ್ನುವ ಮಾತೂ ಅಲ್ಲ. ಪತ್ರ ಬ್ಯಾಂಕಿನ ಲೆಟರ್‌ಹೆಡ್‌ನಲ್ಲಿ, ಬ್ಯಾಂಕಿನದೇ ಇಮೇಲ್‌ನಿಂದ ಬರಬೇಕು. ಸಹಿ ಮಾಡಿದವರ ಹೆಸರು, ಹುದ್ದೆ ಇರಬೇಕು. ಅದನ್ನು ಶಾಖೆಗೆ ಒಯ್ದು ‘ಇದು ನಿಮ್ಮದೇನಾ?’ ಅಂತ ಕೇಳಿ. ನಾಚಿಕೆ ಬೇಡ.

ಒಳಗಡೆ ಸಾಲದ ಖಾತೆ ಸಂಖ್ಯೆಯನ್ನು ಒಂದೊಂದೇ ಅಂಕಿ ಬೆರಳಿಟ್ಟು ನೋಡಿ. ಒಂದೇ ಬ್ಯಾಂಕಿನಲ್ಲಿ ಕಾರ್ಡೂ ಲೋನೂ ಇದ್ದವರೊಬ್ಬರು ಕಾರ್ಡಿಗೆ ಸೆಟ್ಲ್ ಆಯಿತು ಅಂದುಕೊಂಡು ಲೋನಿನ ಪತ್ರಕ್ಕೆ ದುಡ್ಡು ಕಟ್ಟಿದ್ದರು. ಒಟ್ಟು ಬಾಕಿ ಎಷ್ಟು, ಒಪ್ಪಿದ ಮೊತ್ತ ಎಷ್ಟು, ಕೊನೆಯ ದಿನಾಂಕ ಯಾವುದು, ಇಷ್ಟು ಇರಲೇಬೇಕು. ‘ಈ ಮೊತ್ತಕ್ಕೆ ಸಾಲ ಪೂರ್ತಿ ಚುಕ್ತಾ, ಉಳಿದದ್ದು ಮನ್ನಾ’ ಅನ್ನುವ ಅರ್ಥದ ಸಾಲು ಇಲ್ಲದಿದ್ದರೆ ಅದು ಬರೀ ಕಂತಿನ ಪತ್ರ. ಕೇಸು ನಡೆಯುತ್ತಿದ್ದರೆ ಅದರ ನಂಬರ್ ಹಾಕಿ ವಾಪಸ್ ತಗೊಳ್ಳುತ್ತೇವೆ ಅಂತ ಬರೆಸಿ. ಖಾಲಿ ಚೆಕ್ ಕೊಟ್ಟಿದ್ದರೆ ಅವುಗಳ ನಂಬರನ್ನೂ, ಜಾಮೀನು ನಿಂತ ಭಾವನ ಹೆಸರನ್ನೂ ಸೇರಿಸಿ. ಇಲ್ಲದಿದ್ದರೆ ಸಾಲ ನಿಮ್ಮ ತಲೆಯಿಂದ ಇಳಿದು ಅವರ ತಲೆಗೆ ಏರುತ್ತದೆ.

ಕೊನೆಗೆ ಸಣ್ಣ ಅಕ್ಷರ. ಒಂದು ಕಂತು ತಪ್ಪಿದರೂ ಒಪ್ಪಂದ ರದ್ದು, ಕಟ್ಟಿದ್ದು ಹಳೆ ಬಾಕಿಗೆ ಜಮೆ ಅಂತ ಸಾಮಾನ್ಯವಾಗಿ ಅಲ್ಲಿರುತ್ತದೆ. ಆರು ಕಂತಿನ ಆಸೆಗೆ ಬೀಳಬೇಡಿ. ದುಡ್ಡು ಕೂಡಿಟ್ಟುಕೊಂಡು ಒಂದೇ ಸಲಕ್ಕೆ, ಜಾಸ್ತಿ ಅಂದರೆ ಎರಡು ಸಲಕ್ಕೆ ಮುಗಿಸಿ.

ಸೆಟ್ಲ್ ಮಾಡಿಸಿಕೊಡುತ್ತೇವೆ ಅಂತ ತಿಂಗಳು ತಿಂಗಳು ಫೀಸು ಕೀಳುವ ಕಂಪನಿಗಳಿವೆ. ‘ಕಂತು ನಿಲ್ಲಿಸಿ, ಮಿಕ್ಕಿದ್ದು ನಾವು ನೋಡ್ಕೋತೀವಿ’ ಅನ್ನುತ್ತಾರೆ. ಅವರು ಬರೆಯುವುದೂ ಇದೇ ಒಂದು ಪುಟದ ಅರ್ಜಿ. ಸಾಲ ತೀರಿಸಲು ಲೋನ್ ಆಪ್‌ನಲ್ಲಿ ಹೊಸ ಸಾಲ ತೆಗೆಯುವ ಉಪಾಯವಂತೂ ಬೇಡವೇ ಬೇಡ.

ಕೇಸು ಕೋರ್ಟಿನಲ್ಲಿದ್ದರೆ ನನ್ನ ಆಯ್ಕೆ ಲೋಕ ಅದಾಲತ್. ಇತ್ಯರ್ಥವಾದರೆ ಕಟ್ಟಿದ ಕೋರ್ಟ್ ಶುಲ್ಕವೂ ವಾಪಸ್ ಬರುತ್ತದೆ. ಆದರೆ ಅಲ್ಲಿ ಒಪ್ಪಿ ಸಹಿ ಹಾಕಿದ ಮೊತ್ತ ಡಿಕ್ರಿಗೆ ಸಮ, ಮೇಲ್ಮನವಿ ಇಲ್ಲ. ಸಾಲಿನಲ್ಲಿ ನಿಂತವರ ಗಡಿಬಿಡಿ ನೋಡಿ ಹೂಂ ಅನ್ನಬೇಡಿ. ವಕೀಲರಿಗೆ ದುಡ್ಡಿಲ್ಲದಿದ್ದರೆ ಕಾನೂನು ಸೇವಾ ಪ್ರಾಧಿಕಾರದ 15100ಕ್ಕೆ ಫೋನ್ ಮಾಡಿ.

ಮಧ್ಯೆ ವಸೂಲಿ ಏಜೆಂಟರ ಕಾಟ ಇದ್ದೇ ಇರುತ್ತದೆ. ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಅವರು ಕರೆ ಮಾಡುವಂತಿಲ್ಲ. ಮೊದಲು ಬ್ಯಾಂಕಿಗೆ ಬರವಣಿಗೆಯಲ್ಲಿ ದೂರು ಕೊಡಿ. 30 ದಿನದಲ್ಲಿ ಉತ್ತರ ಬರದಿದ್ದರೆ ಬ್ಯಾಂಕುಗಳ ಮೇಲಿನ ದೂರು ಕೇಳುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ. ಮೈಕ್ರೋಫೈನಾನ್ಸ್‌ನವರು ಮನೆ ಮುಂದೆ ಬಂದು ಕೂತರೆ ನೇರವಾಗಿ ಪೊಲೀಸ್ ಠಾಣೆಗೆ ಹೋಗಿ. ಇಂಥ ಕಿರುಕುಳಕ್ಕೆ ಅಂತಲೇ ಕರ್ನಾಟಕ 2025ರಲ್ಲಿ ಕಾನೂನು ಮಾಡಿದೆ.

ದುಡ್ಡು ಕಟ್ಟುವುದು ಸುಲಭ. ಸಾಲದ ಖಾತೆಗೇ ನೆಫ್ಟ್ ಮಾಡಿ, ಏಜೆಂಟನ ಯುಪಿಐಗೆ ಬೇಡ.

ಆಮೇಲೆ ‘ನೋ ಡ್ಯೂಸ್’ (ಬಾಕಿ ಇಲ್ಲ) ಪತ್ರ, ಚೆಕ್‌ಗಳು ಕೈಗೆ ಬರುವವರೆಗೆ ಬೆನ್ನು ಬಿಡಬೇಡಿ. ನಿಮ್ಮ ಸಾಲದ ಚರಿತ್ರೆ ತೋರಿಸುವ ಸಿಬಿಲ್ ವರದಿ ವರ್ಷಕ್ಕೊಂದು ಪುಕ್ಕಟೆ ಸಿಗುತ್ತದೆ, ತೆಗೆದು ನೋಡಿ. ಅದರಲ್ಲಿ ‘ಕ್ಲೋಸ್ಡ್’ ಅಂತ ಇರುವುದಿಲ್ಲ, ‘ಸೆಟ್ಲ್ಡ್’ ಅಂತ ಇರುತ್ತದೆ. ಹೊಸ ಸಾಲ ಕೊಡುವವರು ಅದನ್ನು ನೋಡಿ ಮೂಗು ಮುರಿಯುತ್ತಾರೆ, ಅದಕ್ಕೆ ತಯಾರಿರಿ. ಬಾಕಿ ಇನ್ನೂ ತೋರಿಸುತ್ತಿದ್ದರೆ ಮಾತ್ರ ದೂರು ಕೊಡಿ.

ಎಲ್ಲ ಕಾಗದ ಒಂದು ರಟ್ಟಿನ ಫೈಲಿಗೆ ಹಾಕಿಡಿ. ಬ್ಯಾಂಕುಗಳು ಹಳೇ ಸಾಲಗಳನ್ನು ಗುಂಪಾಗಿ ಬೇರೆ ಕಂಪನಿಗೆ ಮಾರುತ್ತವೆ. ನನ್ನ ತಮ್ಮನಿಗೆ ಸೆಟ್ಲ್ ಆಗಿ ಆರು ವರ್ಷದ ಮೇಲೆ, ಹೆಸರೇ ಕೇಳದ ಒಂದು ಕಂಪನಿಯಿಂದ ನೋಟಿಸ್ ಬಂತು. ನೋ ಡ್ಯೂಸ್ ಪತ್ರದ ಜೆರಾಕ್ಸ್ ಕಳಿಸಿದ. ಮತ್ತೆ ಅವರು ಫೋನ್ ಮಾಡಲಿಲ್ಲ.