ಪಿಆರ್ ಜೊತೆಗೆ ನಾಡಿಯನ್ನೂ ನೋಡಿ: ನನ್ನ ಅನುಭವ

ಬದಿಯಡ್ಕದ ಕಡೆ ನನ್ನ ಕ್ಲಿನಿಕ್‌ಗೆ ಬರುವವರಲ್ಲಿ ತೋಟದ ಕೆಲಸದವರು ಜಾಸ್ತಿ. ಮರ ಹತ್ತಿ ಅಡಿಕೆ ಕೊನೆ ತೆಗೆಯುವವರು, ಮಳೆಗಾಲದಲ್ಲಿ ಮದ್ದು ಬಿಡುವವರು. ಕೆಲವರ ನಾಡಿ ಮಲಗಿದಾಗ ನಿಮಿಷಕ್ಕೆ 50ರ ಆಸುಪಾಸು. ಇಸಿಜಿಯಲ್ಲಿ ಪಿಆರ್ ಕೂಡ ಉದ್ದ. ಪಿಆರ್ ಅಂದರೆ ಹೃದಯದ ಮೇಲಿನ ಕೋಣೆಯಿಂದ ಕೆಳಗಿನ ಕೋಣೆಗೆ ವಿದ್ಯುತ್ ಸಂಕೇತ ತಲುಪಲು ಹಿಡಿಯುವ ಹೊತ್ತು. ಮೆಷಿನ್ 'ಫಸ್ಟ್ ಡಿಗ್ರಿ ಎವಿ ಬ್ಲಾಕ್' (ಆ ಸಂಕೇತ ತಡವಾಗಿ ತಲುಪುತ್ತಿದೆ) ಅಂತ ಪ್ರಿಂಟ್ ಮಾಡಿಬಿಡುತ್ತದೆ. ಅಷ್ಟಕ್ಕೇ ಅವರನ್ನು ಮಂಗಳೂರಿಗೆ ಓಡಿಸುವುದು ನನಗೆ ಸರಿ ಕಾಣುವುದಿಲ್ಲ.

ಹೀಗೇ ಬಂದ ಒಬ್ಬರ ಇಸಿಜಿಯಲ್ಲಿ ಪಿ (ಮೇಲಿನ ಕೋಣೆಯ ಅಲೆ) ಶುರುವಾದಲ್ಲಿಂದ ಕ್ಯೂಆರ್‌ಎಸ್ (ಕೆಳಗಿನ ಕೋಣೆಯ ಅಲೆ) ಶುರುವಾಗುವವರೆಗೆ ಆರು ಸಣ್ಣ ಚೌಕ. ಚೌಕಕ್ಕೆ 0.04 ಸೆಕೆಂಡ್, ಅಂದರೆ 0.24. ಐದು ಚೌಕ ದಾಟಿದರೆ ಉದ್ದ ಅಂತ ಲೆಕ್ಕ.

"ಡಾಕ್ಟ್ರೇ, ಹೆದರಲಿಕ್ಕೆ ಏನಾದ್ರೂ ಉಂಟಾ?" ಅಂದರು.

ತಲೆಸುತ್ತು, ಎದೆನೋವು, ಎಚ್ಚರ ತಪ್ಪಿದ್ದು ಯಾವುದೂ ಇರಲಿಲ್ಲ. ಇದ್ದಿದ್ದರೆ ಮುಂದಿನದನ್ನು ಮಾಡುತ್ತಲೇ ಇರಲಿಲ್ಲ. "ಏದುಸಿರು ಬರುವಷ್ಟು ಮೆಟ್ಟಿಲು ಹತ್ತಿ ಇಳಿದು ಬನ್ನಿ ಅಣ್ಣ" ಅಂದೆ. ಬಂದ ಕೂಡಲೇ ಮಲಗಿಸಿ ಮತ್ತೆ ಇಸಿಜಿ ಸ್ಟ್ರಿಪ್ ತೆಗೆದೆ. ತಡ ಮಾಡಿದರೆ ನಾಡಿ ಇಳಿದುಬಿಡುತ್ತದೆ. ರೇಟ್ 110, ಪಿಆರ್ ನಾಲ್ಕೇ ಚೌಕ. ಮೇಲಿನ ಕೋಣೆಯಿಂದ ಕೆಳಕ್ಕೆ ಸಂಕೇತ ದಾಟಿಸುವ ಎವಿ ನೋಡ್ ಚೆನ್ನಾಗಿಯೇ ಇದೆ, ವಿಶ್ರಾಂತಿಯಲ್ಲಿ ಹೃದಯವನ್ನು ನಿಧಾನ ಮಾಡುವ ವೇಗಸ್ ನರ ಅದನ್ನು ಹಿಡಿದಿಟ್ಟಿತ್ತು, ಅಷ್ಟೇ.

ಇಲ್ಲಿ ಒಂದು ಗೊಂದಲ ಬರುತ್ತದೆ. ರೇಟ್ ಏರಿದರೆ ನೋಡ್ ನಿಧಾನವಾಗಬೇಕು ಅಂತ ಓದಿರುತ್ತೇವೆ ಅಲ್ವಾ? ಅದೂ ನಿಜ. 1906ರಲ್ಲಿ ಜಪಾನಿನ ವೈದ್ಯ ತವಾರಾ ಗುರುತಿಸಿದ ಈ ಸಣ್ಣ ಗಂಟಿನ ಕೋಶಗಳು ಕ್ಯಾಲ್ಸಿಯಂ ನಂಬಿ ಕೆಲಸ ಮಾಡುತ್ತವೆ, ಸುಧಾರಿಸಿಕೊಳ್ಳಲು ಹೊತ್ತು ಬೇಕು. ಮಲಗಿದವರ ಹೃತ್ಕರ್ಣವನ್ನು (ಮೇಲಿನ ಕೋಣೆ) ತಂತಿಯಿಂದ ಪೇಸ್ ಮಾಡಿ, ಅಂದರೆ ವಿದ್ಯುತ್ ಕೊಟ್ಟು ಬಡಿಸಿ, ರೇಟ್ ಏರಿಸುತ್ತಾ ಹೋದರೆ ಪಿಆರ್ ಉದ್ದವಾಗುತ್ತದೆ, ಕೊನೆಗೆ ಒಂದು ಬಡಿತ ಬಿಟ್ಟುಹೋಗುತ್ತದೆ. ಅದೇ ವೆಂಕೆಬಾಕ್. ಆದರೆ ಮೆಟ್ಟಿಲು ಹತ್ತಿದವರಲ್ಲಿ ರೇಟ್ ಏರಿಸುವ ಅಡ್ರಿನಲಿನ್ನೇ ನೋಡ್ ಅನ್ನೂ ಚುರುಕು ಮಾಡುತ್ತದೆ, ವೇಗಸ್ ಹಿಡಿತವೂ ಸಡಿಲುತ್ತದೆ. ಹಾಗಾಗಿ ರೇಟ್ ಎಷ್ಟು ಅನ್ನುವುದರಷ್ಟೇ ಮುಖ್ಯ, ಅದು ಯಾಕೆ ಏರಿತು ಅನ್ನುವುದು.

ನೋಡ್‌ನ ಈ ನಿಧಾನ ನಮ್ಮನ್ನು ಕಾಯುತ್ತದೆ ಕೂಡ. ಮೇಲಿನ ಕೋಣೆ ಅತಿ ವೇಗವಾಗಿ ಬಡಿಯುವ ಏಟ್ರಿಯಲ್ ಫ್ಲಟರ್‌ನಲ್ಲಿ ಮೇಲೆ ಸುಮಾರು 300 ಬಡಿದರೂ ಸಾಮಾನ್ಯವಾಗಿ ಕೆಳಗೆ ಇಳಿಯುವುದು 150. ಸುಮ್ನೆ ಮಲಗಿದವರ ನಾಡಿ 150ಕ್ಕೇ ಅಂಟಿಕೊಂಡಿದ್ದರೆ ನನಗೆ ಮೊದಲ ಅನುಮಾನ ಅದರ ಮೇಲೆಯೇ.

ಉಲ್ಟಾ ಆದಾಗ ಮಾತ್ರ ಎಚ್ಚರ. ಗುಡ್ಡೆ ಹತ್ತುವಾಗ ಕಣ್ಣು ಕತ್ತಲೆ ಬರುತ್ತದೆ ಅಂತ ವಯಸ್ಸಾದ ಒಬ್ಬ ಅಮ್ಮ ಬಂದಿದ್ದರು. ಕೂತಾಗ ನಾಡಿ 80. ಮೆಟ್ಟಿಲು ಬೇಡ ಅಂದೆ. ಕೈ ಹಿಡಿದು ಕೋಣೆಯೊಳಗೇ ನಿಧಾನ ನಡೆಸಿದೆ. ಬೆರಳಡಿ ನಾಡಿ ಏರುತ್ತಿದ್ದದ್ದು ತಟ್ಟನೆ ಅರ್ಧಕ್ಕೆ ಇಳಿಯಿತು. ಸ್ಟ್ರಿಪ್‌ನಲ್ಲಿ ಪಿ ನಿಮಿಷಕ್ಕೆ 100, ಕ್ಯೂಆರ್‌ಎಸ್ 50, ಅದೂ ಅಗಲ. ನಡೆದಾಗ ಸಂಕೇತದ ವಹನ ಕೆಡುವುದಾದರೆ ತೊಂದರೆ ಹೆಚ್ಚಾಗಿ ನೋಡ್‌ನಲ್ಲಲ್ಲ, ಅದರ ಕೆಳಗೆ ಸಂಕೇತ ಸಾಗಿಸುವ ಹಿಸ್ ದಾರಿಯಲ್ಲಿ. ಅವರನ್ನು ಅಂದೇ ಮಂಗಳೂರಿಗೆ ಕಳಿಸಿದೆ, ಪೇಸ್‌ಮೇಕರ್ ಹಾಕಿದರು.

ಈಗ ಉದ್ದ ಪಿಆರ್ ಕಂಡರೆ ಮೊದಲು ಮಾತ್ರೆಯ ಸ್ಟ್ರಿಪ್ ತರಿಸಿ ನೋಡುತ್ತೇನೆ. ಬಿಪಿಗೆ, ಹೃದಯಕ್ಕೆ ಕೊಡುವ ಮೆಟೊಪ್ರೊಲೋಲ್, ಡಿಲ್ಟಿಯಾಜೆಮ್ ಎರಡೂ ನೋಡ್ ಅನ್ನು ನಿಧಾನ ಮಾಡುತ್ತವೆ. ಕಳಿಸಲೇಬೇಕಾದರೆ ಕೂತಾಗಿನ ಮತ್ತು ನಡೆದ ಮೇಲಿನ ಎರಡೂ ಇಸಿಜಿ ಚೀಟಿಗೆ ಪಿನ್ ಮಾಡಿ, ಪಕ್ಕದಲ್ಲಿ ರೇಟ್ ಬರೆದು ಕೊಡುತ್ತೇನೆ.