ಗೋಡೆ ಬೀಳುವ ಮೊದಲೇ ಬರೆಯುವುದು

ಶಾಲೆಯ ಗೋಡೆ ಬಿದ್ದರೆ ಸುದ್ದಿ ತಾನಾಗಿ ನಡೆದು ಬರುತ್ತದೆ. ಫೋಟೋ, ಶಾಸಕರ ಭೇಟಿ, ಪರಿಹಾರದ ಘೋಷಣೆ, ‘ತಪ್ಪಿತಸ್ಥರ ವಿರುದ್ಧ ಕಠಿಣ ಕ್ರಮ’ ಎಂಬ ಹೇಳಿಕೆ ಎಲ್ಲವೂ ಸಂಜೆಯೊಳಗೆ ಕೈ ಸೇರುತ್ತವೆ. ಇನ್ನೂ ಬೀಳದ ಗೋಡೆಯ ಬಗ್ಗೆ ಬರೆಯುವುದೇ ಕಷ್ಟ. ‘ಏನಾಯಿತು?’ ಎಂದು ಪತ್ರಿಕೆಯ ಡೆಸ್ಕಿನಲ್ಲಿ ಕೇಳುತ್ತಾರೆ. ಏನೂ ಆಗಿಲ್ಲ ಎಂದರೆ ಒಳಪುಟದ ಮೂಲೆಯಲ್ಲಿ ಎರಡು ಪ್ಯಾರಾ ಸಿಕ್ಕರೆ ಪುಣ್ಯ.

ಶಿವಮೊಗ್ಗ ಜಿಲ್ಲೆಯ ಮಲೆನಾಡು ಭಾಗದಲ್ಲಿ ತಾಲ್ಲೂಕು ವರದಿಗಾರನಾಗಿ ಸರ್ಕಾರಿ ಶಾಲೆಗಳ ಸುರಕ್ಷತೆಯ ಬೆನ್ನು ಹತ್ತಿ ಹಲವು ಮಳೆಗಾಲ ಕಳೆದಿದ್ದೇನೆ. ‘ಅಪಾಯವಿದೆ ಎಂದು ಯಾರಿಗೂ ಗೊತ್ತಿರಲಿಲ್ಲ’ ಎಂಬ ಮಾತನ್ನು ನಾನು ಈಗ ನಂಬುವುದಿಲ್ಲ. ಯಾರೋ ಒಬ್ಬ ಮುಖ್ಯಶಿಕ್ಷಕರು ಎಂದೋ ಒಂದು ಪತ್ರ ಬರೆದಿರುತ್ತಾರೆ. ಆ ಪತ್ರ ಯಾರ ಮೇಜಿನ ಮೇಲೆ ಎಷ್ಟು ದಿನದಿಂದ ಮಲಗಿದೆ ಎಂದು ಪತ್ತೆ ಮಾಡುವುದೇ ನನ್ನ ಕೆಲಸದ ಮುಕ್ಕಾಲು ಪಾಲು.

2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣದ ಶಾಲೆಯಲ್ಲಿ ಬೆಂಕಿಗೆ 94 ಮಕ್ಕಳು ಬಲಿಯಾದರು. ಶಾಲೆಗಳ ಅಗ್ನಿ ಸುರಕ್ಷತೆಯ ಬಗ್ಗೆ ಸುಪ್ರೀಂ ಕೋರ್ಟ್ ನಿರ್ದೇಶನ ನೀಡಿದ್ದು 2009ರಲ್ಲಿ. 2025ರ ಜುಲೈ 25ರಂದು ರಾಜಸ್ಥಾನದ ಝಾಲಾವಾಡ ಜಿಲ್ಲೆಯ ಪಿಪ್ಲೋದಿಯಲ್ಲಿ ಸರ್ಕಾರಿ ಶಾಲೆ ಕುಸಿದು 7 ಮಕ್ಕಳು ಸತ್ತರು. ಅದರ ಬೆನ್ನಿಗೇ ಎಲ್ಲ ರಾಜ್ಯಗಳಿಗೂ ಶಾಲಾ ಕಟ್ಟಡಗಳ ಸುರಕ್ಷತಾ ಪರಿಶೀಲನೆ ನಡೆಸುವಂತೆ ಕೇಂದ್ರದಿಂದ ಸೂಚನೆ ಹೋಯಿತು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವುದು ನಮ್ಮಲ್ಲಿ ಹಳೆಯ ಚಾಳಿ. ಇಂಥ ಸೂಚನೆ ತಾಲ್ಲೂಕಿಗೆ ತಲುಪುವ ವಾರದಲ್ಲಿ ಮಾತ್ರ ಕಚೇರಿಗಳಲ್ಲಿ ಪಟ್ಟಿಗಳು ಸಲೀಸಾಗಿ ಸಿಗುತ್ತವೆ. ಆ ವಾರವನ್ನು ನಾನು ಎಂದೂ ಬಿಡುವುದಿಲ್ಲ.

ಶಾಲೆಗೆ ಹೊರಡುವ ಮೊದಲು ಯುಡೈಸ್ ಪ್ಲಸ್ ಎಂಬ, ದೇಶದ ಶಾಲೆಗಳ ಅಂಕಿಅಂಶವಿರುವ ಸರ್ಕಾರಿ ಜಾಲತಾಣ ತೆರೆಯುತ್ತೇನೆ. ಪ್ರತಿ ಶಾಲೆಗೂ 11 ಅಂಕಿಗಳ ಕೋಡ್ ಇದೆ, ಕರ್ನಾಟಕದ್ದು 29ರಿಂದ ಆರಂಭ. ಕೋಡ್ ಗೊತ್ತಿದ್ದರೆ ಕೊಠಡಿಗಳೆಷ್ಟು, ಸುಸ್ಥಿತಿಯಲ್ಲಿರುವುದೆಷ್ಟು, ಸಣ್ಣ ದುರಸ್ತಿಗೆ ಎಷ್ಟು, ದೊಡ್ಡ ದುರಸ್ತಿಗೆ ಎಷ್ಟು, ಶೌಚಾಲಯ ಉಂಟೇ, ಆವರಣ ಗೋಡೆ ಉಂಟೇ ಎಲ್ಲವೂ ತಿಳಿಯುತ್ತದೆ. ಅದು ಶಾಲೆಯವರೇ ವರ್ಷಕ್ಕೊಮ್ಮೆ ತುಂಬುವ ಲೆಕ್ಕ, ಆದ್ದರಿಂದ ಅದನ್ನೇ ಸುದ್ದಿ ಮಾಡುವುದಿಲ್ಲ. ಪ್ರಶ್ನೆ ಕೇಳಲು ಇಟ್ಟುಕೊಳ್ಳುತ್ತೇನೆ. ಹೆಣ್ಣುಮಕ್ಕಳ ಶೌಚಾಲಯ ‘ಬಳಕೆಯಲ್ಲಿದೆ’ ಎಂದು ಬರೆದಿದ್ದ ಒಂದು ಶಾಲೆಯಲ್ಲಿ ಬೀಗ ತೆಗೆಸಿದರೆ ಒಳಗೆ ಸೂರಿನವರೆಗೂ ಮುರಿದ ಬೆಂಚುಗಳು. ಅದೇ ಶಾಲೆಯ ಮೆಟ್ಟಿಲ ಪಕ್ಕದ ಗಾಲಿಕುರ್ಚಿಯ ಇಳಿಜಾರು ಮಾತ್ರ ಹೊಚ್ಚಹೊಸದು. ಅಲ್ಲಿ ಮತಗಟ್ಟೆಯಿದೆ.

ಭೇಟಿಗೆ ಒಳ್ಳೆಯ ಸಮಯವೆಂದರೆ ಜುಲೈ. ಮಳೆಗಾಗಿ ಜಿಲ್ಲಾಧಿಕಾರಿ ಕೊಟ್ಟ ರಜೆ ಮುಗಿದು ಶಾಲೆ ತೆರೆದ ಮೊದಲ ದಿನ ಹೋದರೆ ಯಾರೂ ಏನನ್ನೂ ಒರೆಸಿಟ್ಟಿರುವುದಿಲ್ಲ. ಹಳೆಯ ಹೆಂಚಿನ ಶಾಲೆಯಾದರೆ ನೋಡಬೇಕಾದದ್ದು ಹೆಂಚನ್ನಲ್ಲ, ಅದರ ಕೆಳಗಿನ ಮರದ ಪಕಾಸು, ರೀಪು, ತೊಲೆಗಳನ್ನು. ತೊಲೆ ಗೋಡೆಯೊಳಗೆ ಹೊಗುವ ಜಾಗದಲ್ಲಿ ಗೆದ್ದಲಿನ ಮಣ್ಣು ಕಂಡರೆ ಅದರ ಫೋಟೋ ಮೊದಲು. ಹೆಂಚಿನ ಮಾಡು ಬೀಳುವ ಮೊದಲು ನರಳುತ್ತದೆ, ಜಗ್ಗುತ್ತದೆ, ಸೂಚನೆ ಕೊಡುತ್ತದೆ. ತಾರಸಿಗೆ ಆ ಮರ್ಯಾದೆಯಿಲ್ಲ. ಸುಣ್ಣ ಬಳಿದ ತಾರಸಿಯ ಅಡಿಯಲ್ಲಿ ಸಮ ಅಂತರದಲ್ಲಿ ಕೆಂಪು ಗೆರೆಗಳು ಮೂಡಿದ್ದರೆ ಒಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬುತ್ತಿದೆ ಎಂದರ್ಥ. ಮುಂದೆ ಉದುರುವುದು ಬರಿಯ ಗಾರೆಯಲ್ಲ, ಕಾಂಕ್ರೀಟ್ ಚಕ್ಕೆ.

ದೊಡ್ಡವರಿಗಿಂತ ಮಕ್ಕಳು ನಿಖರ. ‘ಎಲ್ಲಿ ಸೋರುತ್ತದೆ?’ ಎಂದು ಮೂರನೇ ತರಗತಿಯ ಹುಡುಗಿಯನ್ನು ಕೇಳಿದೆ. ಅವಳು ಮೇಲೆ ನೋಡಲೇ ಇಲ್ಲ. ನೆಲದ ಮೇಲೊಂದು ಜಾಗ ತೋರಿಸಿ, ‘ಅಲ್ಲಿ ನಾವು ಕೂರುವುದಿಲ್ಲ, ಅದು ಬಕೆಟ್ಟಿನ ಜಾಗ’ ಎಂದಳು. ಕರಿಹಲಗೆಯನ್ನೂ ಎದುರು ಗೋಡೆಯಿಂದ ಪಕ್ಕದ ಗೋಡೆಗೆ ಸರಿಸಿದ್ದರು, ಮೊಳೆಯ ಹಳೆಯ ತೂತುಗಳು ಹಾಗೇ ಇದ್ದವು. ಮಕ್ಕಳ ಮುಖ ಬಾರದಂತೆ ಬಕೆಟ್, ತೂತು, ಹಲಗೆ ಇಷ್ಟೇ ಫೋಟೋ ತೆಗೆದೆ. ವರದಿಗೆ ಅಷ್ಟು ಸಾಕಾಯಿತು.

ನಾನು ಇಂಜಿನಿಯರ್ ಅಲ್ಲ. ‘ಶಿಥಿಲ’ ಎಂಬ ಪದವನ್ನು ನನ್ನ ಹೊಣೆಯಲ್ಲಿ ಬರೆಯುವುದಿಲ್ಲ. ಲೋಕೋಪಯೋಗಿ ಇಲಾಖೆಯಿಂದ ನಿವೃತ್ತರಾದ ಒಬ್ಬರಿಗೆ ಫೋಟೋ ಕಳುಹಿಸುತ್ತೇನೆ, ಸಾಧ್ಯವಾದರೆ ಕರೆದುಕೊಂಡೇ ಹೋಗುತ್ತೇನೆ. ಕಿಟಕಿಯ ಮೂಲೆಯಿಂದ ಓರೆಯಾಗಿ, ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಬಿರುಕು ಎಂದರೆ ಪಾಯ ಕುಸಿಯುತ್ತಿರುವ ಅನುಮಾನ. ಸೂರಿನಂಚಿನಲ್ಲಿ ಅಡ್ಡಡ್ಡಲಾಗಿ ಬಂದ ಬಿರುಕು ಬಹಳ ಸಲ ಬಿಸಿಲಿಗೆ ತಾರಸಿ ಹಿಗ್ಗಿ ಕುಗ್ಗಿದ್ದು ಎಂದು ಹೇಳಿಕೊಟ್ಟವರು ಅವರೇ. ಬಿರುಕಿನ ಎರಡು ತುದಿಗೂ ಪೆನ್ಸಿಲ್ ಗೆರೆ ಎಳೆದು ದಿನಾಂಕ ಬರೆದು ಬನ್ನಿ, ತಿಂಗಳ ನಂತರ ಗೆರೆ ದಾಟಿದ್ದರೆ ಆಗ ಬರೆಯಿರಿ ಎಂದೂ ಹೇಳಿದರು. ಮುಖ್ಯಶಿಕ್ಷಕರು ಒಪ್ಪಿದ ಕಡೆ ಹಾಗೇ ಮಾಡುತ್ತೇನೆ.

ಮುಖ್ಯಶಿಕ್ಷಕರ ವಿಷಯ ಸೂಕ್ಷ್ಮ. ಅವರು ಸರ್ಕಾರಿ ನೌಕರರು. ಕರ್ನಾಟಕ ರಾಜ್ಯ ನಾಗರಿಕ ಸೇವಾ ನಡತೆ ನಿಯಮಗಳು, 2021 ತಲೆಯ ಮೇಲಿವೆ. ಪತ್ರಿಕೆಗೆ ಮಾತನಾಡಿದರೆ ನೋಟಿಸ್ ಬರುತ್ತದೆ, ಅನೇಕ ವೇಳೆ ದುರಸ್ತಿಗಿಂತ ಬೇಗ ಬರುತ್ತದೆ. ಹಾಗಾಗಿ ನಾನು ಅವರ ಬಾಯಿಂದ ಮಾತು ಹೊರಡಿಸಲು ಹೋಗುವುದಿಲ್ಲ. ಪತ್ರಗಳ ಆವಕ-ಜಾವಕ ವಹಿ ಇದೆಯಲ್ಲ, ಅದು ಮಾತನಾಡಲಿ. ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಗೆ ಯಾವ ದಿನ, ಯಾವ ಸಂಖ್ಯೆಯ ಪತ್ರ ಹೋಯಿತು, ಸ್ವೀಕೃತಿ ಮೊಹರು ಬಿದ್ದಿದೆಯೇ ಎಂಬುದು ಗೊತ್ತಾದರೆ ಉಳಿದದ್ದನ್ನು ಮಾಹಿತಿ ಹಕ್ಕಿನಡಿ ಮೇಲಿನ ಕಚೇರಿಯಿಂದಲೇ ಪಡೆಯಬಹುದು. ಮಾಹಿತಿ ಕೊಟ್ಟ ಮೂಲವಾಗಿ ಶಾಲೆಯ ಹೆಸರು ಎಲ್ಲಿಯೂ ಬರುವುದಿಲ್ಲ. ಹೆಸರು ಹಾಕಿ ಉಲ್ಲೇಖಿಸಬೇಕಾದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಅಧ್ಯಕ್ಷರಿದ್ದಾರೆ. ಅವರು ಪೋಷಕರು, ನೌಕರರಲ್ಲ.

ಅರ್ಜಿ ಬರೆಯುವುದೂ ಒಂದು ಕಸುಬು. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದಗಳ ಮಿತಿ, ಶುಲ್ಕ 10 ರೂಪಾಯಿ. ‘ಏಕೆ ದುರಸ್ತಿ ಮಾಡಿಲ್ಲ?’ ಎಂದು ಕೇಳಿದರೆ ‘ಇದು ಮಾಹಿತಿಯ ವ್ಯಾಪ್ತಿಗೆ ಬರುವುದಿಲ್ಲ’ ಎಂಬ ಒಂದು ಸಾಲು ಬರುತ್ತದೆ. ನಾನು ಕೇಳುವುದು ದಿನಾಂಕಗಳನ್ನು: ತಾಲ್ಲೂಕಿನಲ್ಲಿ ತೆರವಿಗೆ ಶಿಫಾರಸಾದ ಕೊಠಡಿಗಳ ಪಟ್ಟಿ, ಪ್ರಸ್ತಾವ ಬಂದ ದಿನ, ಇಂಜಿನಿಯರ್ ಸ್ಥಳ ಪರಿಶೀಲನೆ ಮಾಡಿದ ದಿನ, ಕಡತದ ಟಿಪ್ಪಣಿ ಹಾಳೆಗಳ ನಕಲು. 30 ದಿನಗಳಲ್ಲಿ ಉತ್ತರ ಬರಬೇಕು, ಬಾರದಿದ್ದರೆ ಮೇಲ್ಮನವಿ. ಟಿಪ್ಪಣಿ ಹಾಳೆ ಕೈಗೆ ಬಂತೆಂದರೆ ಕಥೆ ತಾನಾಗಿ ಬಿಚ್ಚಿಕೊಳ್ಳುತ್ತದೆ.

ಹಾಗೆ ಬಿಚ್ಚಿಕೊಂಡ ಒಂದು ಕಡತವನ್ನು ಹೇಳಲೇಬೇಕು. ಬಳಕೆಗೆ ಯೋಗ್ಯವಲ್ಲ ಎಂದು ಇಂಜಿನಿಯರ್ ಪ್ರಮಾಣಪತ್ರ ಕೊಟ್ಟ ಕೊಠಡಿಯೊಂದು ವರ್ಷಗಳಿಂದ ನಿಂತೇ ಇತ್ತು. ಹಣವಿಲ್ಲದೆ ಇರಬಹುದು ಎಂದುಕೊಂಡಿದ್ದೆ. ಕೆಡವಲು ಹಣ ಬೇಕಿರಲೇ ಇಲ್ಲ. ಸರ್ಕಾರಿ ಕಟ್ಟಡವಾದ್ದರಿಂದ ಅದರ ಹೆಂಚು, ಮರ, ಕಿಟಕಿಗಳಿಗೆ ಬೆಲೆ ಕಟ್ಟಿ, ಮಂಜೂರಾತಿ ಪಡೆದು, ಹರಾಜು ಹಾಕಿ, ಕೊಂಡವನೇ ಕೆಡವಿಕೊಂಡು ಹೋಗಬೇಕು. ಬೆಲೆ ಕಟ್ಟಿದವರು ತೊಲೆಗಳನ್ನು ಒಳ್ಳೆಯ ಮರವೆಂದು ದರಪಟ್ಟಿಯ ಪ್ರಕಾರ ಲೆಕ್ಕ ಹಾಕಿದ್ದರು. ಹರಾಜಿಗೆ ಬಂದವರು ಬೆರಳ ಗೆಣ್ಣಿನಿಂದ ತೊಲೆಗೆ ಕುಟ್ಟಿ, ಟೊಳ್ಳು ಸದ್ದು ಕೇಳಿ, ಚಹಾ ಕುಡಿದು ಹೊರಟುಹೋಗಿದ್ದರು. ಮರು ಹರಾಜಿಗೂ ಅದೇ ಬೆಲೆ. ಮರ ಟೊಳ್ಳಾದದ್ದಕ್ಕೇ ಕೊಠಡಿ ಅಪಾಯಕಾರಿ, ಕಾಗದದಲ್ಲಿ ಮರ ಗಟ್ಟಿಯಿದ್ದದ್ದಕ್ಕೇ ಕೊಠಡಿ ತೆರವಾಗಲಿಲ್ಲ! ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ‘ಪ್ರವೇಶ ನಿಷೇಧ’ ಎಂದು ಬರೆದು ಎಲ್ಲರೂ ನಿರಾಳವಾಗಿದ್ದರು. ಮಳೆಯಲ್ಲಿ ಆಡಲು ನೆನೆಯದ ಜಾಗ ಆ ಕೊಠಡಿಯ ಜಗಲಿ ಒಂದೇ ಆಗಿತ್ತು, ಮಕ್ಕಳು ಅಲ್ಲೇ ಕಣ್ಣಾಮುಚ್ಚಾಲೆ ಆಡುತ್ತಿದ್ದರು. ಈ ಸುದ್ದಿ ಮುಖಪುಟಕ್ಕೆ ಹೋಯಿತು. ಬೆಲೆ ಇಳಿಸಲು ಬೇಕಾದ ಸಹಿ ಆ ಮೇಲೆ ಬೇಗ ಬಿತ್ತು.

ಕಟ್ಟಡ ಒಂದೇ ಅಲ್ಲ. 2019ರ ಆಗಸ್ಟ್‌ನಲ್ಲಿ ಕೊಪ್ಪಳದ ವಿದ್ಯಾರ್ಥಿನಿಲಯದಲ್ಲಿ ಸ್ವಾತಂತ್ರ್ಯೋತ್ಸವಕ್ಕೆ ನೆಟ್ಟ ಧ್ವಜಕಂಬ ತೆಗೆಯುವಾಗ ವಿದ್ಯುತ್ ತಂತಿ ತಗುಲಿ ಐವರು ವಿದ್ಯಾರ್ಥಿಗಳು ಸತ್ತರು. ಅಂದಿನಿಂದ ಯಾವ ಶಾಲೆಗೆ ಹೋದರೂ ಮೊದಲು ಧ್ವಜಕಂಬದ ನೇರಕ್ಕೆ ತಲೆಯೆತ್ತಿ ನೋಡುತ್ತೇನೆ. 2022ರ ಆಗಸ್ಟ್‌ನಲ್ಲಿ ಬೈಂದೂರು ತಾಲ್ಲೂಕಿನಲ್ಲಿ ಶಾಲೆಯಿಂದ ಮನೆಗೆ ಮರಳುತ್ತಿದ್ದ ಏಳು ವರ್ಷದ ಬಾಲಕಿ ಕಾಲುಸಂಕದಿಂದ, ಅಂದರೆ ನಡೆದು ದಾಟುವ ಕಿರುಸೇತುವೆಯಿಂದ, ಹಳ್ಳಕ್ಕೆ ಬಿದ್ದು ಕೊಚ್ಚಿಹೋದಳು. ಯುಡೈಸ್‌ನಲ್ಲಿ ಕಾಲುಸಂಕಕ್ಕೆ ಕಾಲಂ ಇಲ್ಲ. ಮಲೆನಾಡಿನಲ್ಲಿ ಶಾಲೆಯ ಸುರಕ್ಷತೆ ಗೇಟಿನಲ್ಲಿ ಶುರುವಾಗುವುದಿಲ್ಲ, ಮಗುವಿನ ಮನೆಯ ಅಂಗಳದಲ್ಲೇ ಶುರುವಾಗುತ್ತದೆ. ಮಳೆಗಾಲದಲ್ಲಿ ಒಮ್ಮೆಯಾದರೂ ಮಕ್ಕಳ ಜೊತೆ ಆ ದಾರಿ ನಡೆದು ಬಂದೇ ಬರೆಯುತ್ತೇನೆ.

ಭದ್ರತೆ ಎಂದರೆ ರಾಜಧಾನಿಯ ವಾಹಿನಿಗಳಿಗೆ ಬಾಂಬ್ ಬೆದರಿಕೆ. 2023ರ ಡಿಸೆಂಬರ್ 1ರಂದು ಬೆಂಗಳೂರಿನ ಹಲವು ಶಾಲೆಗಳಿಗೆ ಹುಸಿ ಇಮೇಲ್ ಬಂದಾಗ ದಿನವಿಡೀ ನೇರ ಪ್ರಸಾರ ನಡೆಯಿತು. ನಮ್ಮ ಕಡೆಯ ಭದ್ರತೆಯ ಸಮಸ್ಯೆ ಸೋಮವಾರ ಬೆಳಿಗ್ಗೆ ಶಾಲೆಯ ಜಗಲಿಯ ಮೇಲೆ ಚೂರುಚೂರಾಗಿ ಬಿದ್ದಿರುತ್ತದೆ: ಬಾಟಲಿ ಗಾಜು. ಪ್ರಾರ್ಥನೆಗೆ ಮೊದಲು ಮಕ್ಕಳೇ ಆಯುತ್ತಾರೆ. ಇದನ್ನು ಶಿಕ್ಷಕರು ಹೇಳುವುದಿಲ್ಲ, ಊರಿನವರೂ ಹೇಳುವುದಿಲ್ಲ; ಕುಡಿದವರು ಊರಿನವರೇ ಆದ್ದರಿಂದ. ಹೇಳುವವರು ಮಕ್ಕಳೇ, ಮಕ್ಕಳ ಗ್ರಾಮಸಭೆಯಲ್ಲಿ. ವರ್ಷಕ್ಕೊಮ್ಮೆ ಪಂಚಾಯಿತಿಗಳಲ್ಲಿ ನಡೆಯುವ ಈ ಸಭೆಗೆ ವರದಿಗಾರರು ಹೋಗುವುದೇ ಅಪರೂಪ, ಹೋದರೂ ದೀಪ ಬೆಳಗಿಸುವ ಫೋಟೋ ತೆಗೆದು ಎದ್ದು ಬರುತ್ತಾರೆ. ಕೊನೆಯವರೆಗೆ ಕುಳಿತರೆ ಇಡೀ ವರ್ಷಕ್ಕಾಗುವಷ್ಟು ಸುದ್ದಿ ಸಿಗುತ್ತದೆ. ಮಕ್ಕಳು ಕೇಳಿದ್ದು ನಡಾವಳಿಯಲ್ಲಿ ದಾಖಲಾಗಿದೆಯೇ ಎಂದು ನಂತರ ನೋಡಿ, ದಾಖಲಾಗದಿದ್ದರೆ ಅದೂ ಸುದ್ದಿಯೇ.

ಲೈಂಗಿಕ ದೌರ್ಜನ್ಯದ ಪ್ರಕರಣದಲ್ಲಿ ಮಾತ್ರ ಈ ಇಡೀ ವಿಧಾನವನ್ನು ತಿರುಗಿಸಿ ಹಾಕಬೇಕಾಗುತ್ತದೆ. ಕಟ್ಟಡದ ಸುದ್ದಿಯಲ್ಲಿ ಶಾಲೆಯ ಹೆಸರೇ ಮುಖ್ಯ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯ 23ನೇ ಸೆಕ್ಷನ್ ಮಗುವಿನ ಹೆಸರು, ವಿಳಾಸ, ಚಿತ್ರದ ಜೊತೆಗೆ ಶಾಲೆ, ನೆರೆಹೊರೆಯನ್ನೂ ಬಹಿರಂಗಪಡಿಸಬಾರದು ಎನ್ನುತ್ತದೆ. ಹೆಸರು ಬಿಟ್ಟು ಉಳಿದದ್ದೆಲ್ಲ ಬರೆಯುವ ಚಾಳಿ ನಮ್ಮ ವೃತ್ತಿಯಲ್ಲಿ ಧಾರಾಳವಾಗಿದೆ. ಹೋಬಳಿಯ ಹೆಸರು, ‘ಏಳನೇ ತರಗತಿ’, ಆರೋಪಿ ಶಿಕ್ಷಕ ಕಲಿಸುವ ವಿಷಯ ಇಷ್ಟು ಹಾಕಿದರೆ ಮಗು ಯಾರೆಂದು ತಿಳಿಯಲು ಸಾಕು. ಆ ತರಗತಿಯಲ್ಲಿ ಇರುವುದೇ ನಾಲ್ಕು ಹೆಣ್ಣುಮಕ್ಕಳು. ನಾನು ತರಗತಿಯನ್ನೂ ಹೋಬಳಿಯನ್ನೂ ಬರೆಯುವುದಿಲ್ಲ, ಮಗುವನ್ನೂ ಮನೆಯವರನ್ನೂ ಹುಡುಕಿಕೊಂಡು ಹೋಗುವುದಿಲ್ಲ. ವ್ಯವಸ್ಥೆಯ ಬಗ್ಗೆ ಕೇಳುತ್ತೇನೆ: ವಿಷಯ ತಿಳಿದ ದಿನವೇ ಪೊಲೀಸರಿಗೆ ತಿಳಿಸಿದರೇ ಅಥವಾ ಊರ ಹಿರಿಯರನ್ನು ಕೂರಿಸಿ ರಾಜಿಗೆ ಯತ್ನಿಸಿದರೇ? ಸಂಸ್ಥೆಯ ಹೊಣೆ ಹೊತ್ತವರು ತಿಳಿಸದಿದ್ದರೆ ಒಂದು ವರ್ಷದವರೆಗೆ ಜೈಲು ಎಂಬುದು ಅವರಿಗೆ ಗೊತ್ತಿತ್ತೇ? ದೂರು ಪೆಟ್ಟಿಗೆಯ ಬೀಗದ ಕೈ ಯಾರ ಬಳಿ ಇತ್ತು? ಮಕ್ಕಳ ಸಹಾಯವಾಣಿಯ 1098 ಸಂಖ್ಯೆ ಮಕ್ಕಳ ಕಣ್ಣಿಗೆ ಬೀಳುವ ಕಡೆ ಇತ್ತೇ, ಅಥವಾ ಮುಖ್ಯಶಿಕ್ಷಕರ ಕುರ್ಚಿಯ ಹಿಂದಿನ ಗೋಡೆಯಲ್ಲೇ?

ಪ್ರಕಟವಾದ ಮರುದಿನದ ಸ್ಪಂದನೆಗೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ. ಆರ್ಥಿಕ ವರ್ಷ ಮುಗಿಯುವ ಮಾರ್ಚ್‌ನಲ್ಲೂ, ಶಾಲೆ ತೆರೆಯುವ ಮೊದಲು ಮೇ ಕೊನೆಯಲ್ಲೂ ಹಳೆಯ ಪಟ್ಟಿ ಹಿಡಿದು ಮತ್ತೆ ಕೇಳುತ್ತೇನೆ. ಇತ್ತೀಚೆಗೆ ಹೊಸ ತೊಡಕೊಂದು ಎದುರಾಗಿದೆ. ಹರಾಜಾದ ಆ ಕೊಠಡಿ ನೆಲಸಮವಾಯಿತು, ಬದಲಿ ಕೊಠಡಿ ಮಂಜೂರಾಗಲಿಲ್ಲ. ಎರಡು ತರಗತಿಗಳು ಒಂದೇ ಕೋಣೆಯಲ್ಲಿ ಕೂರುತ್ತಿವೆ, ಕೆಲವು ಪೋಷಕರು ಮಕ್ಕಳನ್ನು ಪೇಟೆಯ ಶಾಲೆಗೆ ಸೇರಿಸಿದ್ದಾರೆ, ಈಗ ದಾಖಲಾತಿ ಕಡಿಮೆಯೆಂದು ಪಕ್ಕದ ಊರಿನ ಶಾಲೆಯೊಂದಿಗೆ ವಿಲೀನದ ಮಾತು ಕೇಳಿಬರುತ್ತಿದೆ. ‘ನೀವು ಬರೆಯದಿದ್ದರೆ ಹಳೆಯ ಕೊಠಡಿಯಾದರೂ ಇರುತ್ತಿತ್ತು’ ಎಂದು ಎಸ್‌ಡಿಎಂಸಿಯ ಒಬ್ಬರು ಮುಖಕ್ಕೆ ಹೇಳಿದರು. ನಾನು ಅದನ್ನು ಒಪ್ಪುವುದಿಲ್ಲ, ಆದರೆ ಅವರ ಸಿಟ್ಟು ಸುಳ್ಳಲ್ಲ. ಹಾಗಾಗಿ ಈಗ ತೆರವಿನ ಸುದ್ದಿ ಬರೆಯುವಾಗಲೇ ಬದಲಿ ಕೊಠಡಿಯ ಪ್ರಸ್ತಾವ ಯಾವ ಹಂತದಲ್ಲಿದೆ ಎಂಬುದನ್ನೂ ಸೇರಿಸುತ್ತೇನೆ. ವಿಲೀನದ ಕಡತದ ಟಿಪ್ಪಣಿ ಹಾಳೆಗಳಿಗೆ ಅರ್ಜಿ ಹಾಕಿಯಾಗಿದೆ.